ಗಗನದಲ್ಲಿ ನಿಲ್ಲುವ ವಿದ್ಯೆ

ಸೈನ್ಯಕ್ಕೆ ಸೇರಿ ವಿಮಾನ ನಡೆಸಬೇಕೆಂದು ಹಂಬಲಿಸುವ ಹುಡುಗರು ನಮ್ಮ ಆಲ್ದೂರಿನಂಥ ಮಲೆನಾಡ ಊರುಗಳಲ್ಲಿಯೂ ಇದ್ದಾರೆ. ಅವರ ಮನಸ್ಸೆಲ್ಲವೂ ಬಾಣದಂತೆ ಹಾರುವ ಯುದ್ಧವಿಮಾನದ ಮೇಲೆ. ಹೆಲಿಕಾಪ್ಟರೆಂದರೆ ಕೆಳದರ್ಜೆಯದೆಂಬ ಭಾವನೆ ಅವರಲ್ಲಿಯೂ, ಕೆಲವೆಡೆ ಅವರ ತಂದೆತಾಯಿಗಳಲ್ಲಿಯೂ ಉಂಟು. ಇದು ಸರಿಯಲ್ಲವೆಂಬುದನ್ನು ನೆರೆಯ ಕೊಡಗಿನ ಮಹನೀಯರೊಬ್ಬರ ಚರಿತ್ರೆಯಿಂದ ವಾಚಕರು ಅರಿಯಬಹುದು.

ಏರ್ ಮಾರ್ಷಲ್ ಕೊಡಂದೇರ ನಂದಾ ಕಾರ್ಯಪ್ಪನವರು ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ಪುತ್ರರು. 1965ರ ಯುದ್ಧದಲ್ಲಿ ಇವರು ನಡೆಸುತ್ತಿದ್ದುದು ಹಂಟರ್ ಎಂಬ ಯುದ್ಧವಿಮಾನವನ್ನು. ಯುದ್ಧವು ಮುಗಿಯುತ್ತ ಬಂದಿದ್ದ ಸೆಪ್ಟೆಂಬರ್ 22ರಂದು ಆ ವಿಮಾನಕ್ಕೆ ಶತ್ರುಗಳ ಗುಂಡು ತಗುಲಿತು. ವಿಮಾನದಿಂದ ಹೊರಕ್ಕೆ ಚಿಮ್ಮಿದ ತರುಣನ ಬೆನ್ನೆಲುಬಿಗೆ ಪೆಟ್ಟಾಗಿ, ಆತನು ಪಾಕಿಸ್ತಾನದ ಸೆರೆಯಾಳಾದನು. ಅಲ್ಲಿನ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಅವಿಭಕ್ತ ಭಾರತದ ಸೈನ್ಯದಲ್ಲಿ ಹಿರಿಯ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ಬಿಡಿಸಿಕೊಡುವೆನೆಂದು ಹೇಳಿಕಳುಹಿದರು. ತಂದೆಯು ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯರೆಲ್ಲರೂ ತಮಗೆ ಮಕ್ಕಳೇ, ಎಲ್ಲರನ್ನೂ ಒಂದೇ ಸಮನಾಗಿ ನೋಡಿಕೊಂಡರೆ ಸಾಕು ಎಂಬುದು ಅವರ ಉತ್ತರವಾಗಿತ್ತು. ನಂದಾ ಅವರು ಸ್ವದೇಶಕ್ಕೆ ಮರಳಿದುದು 1966ರಲ್ಲಿ.

ಬಹುಮಂದಿ ಬಲ್ಲ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುವುದು ವಾಡಿಕೆ. ನಮಗೆ ಪ್ರಕೃತವಾದುದು ಅದರ ಮುಂದಿನ ಭಾಗ. ಬೆನ್ನು ನೊಂದ ಆ ಯೋಧರು ಹಾರುವುದನ್ನು ಬಿಡಲಿಲ್ಲ, ಹೆಲಿಕಾಪ್ಟರನ್ನು ಹಿಡಿದರು. 1971ರ ಯುದ್ಧಕಾಲದಲ್ಲಿ ಅವರಿದ್ದುದು ಉತ್ತರ ಬಂಗಾಳದ ಹಾಸಿಮಾರಾದ ಹೆಲಿಕಾಪ್ಟರು ದಳದಲ್ಲಿ. ಮುಂದೆ ಏರ್ ಮಾರ್ಷಲ್ ಪದವಿಯವರೆಗೂ ಏರಿ ನಿವೃತ್ತರಾದರು.

ಅದೇ ಯುದ್ಧದಲ್ಲಿ ಬಂಗಾಳದ ಇನ್ನೊಂದು ದಿಕ್ಕಿನಲ್ಲಿ ಹೆಲಿಕಾಪ್ಟರುಗಳು ಮಾಡಿದ ಕೆಲಸವು ಸಾಮಾನ್ಯವಾದುದಲ್ಲ. ಮೇಘನಾ ನದಿಗೆ ಆಶುಗಂಜಿನಲ್ಲಿದ್ದ ಸೇತುವೆಯನ್ನು ಶತ್ರುಗಳು ಮುರಿದಿದ್ದರು. ಡಿಸೆಂಬರ್ 9ರಿಂದ ಎಂ.ಐ.–4 ಹೆಲಿಕಾಪ್ಟರುಗಳು ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗರ ನೇತೃತ್ವದಲ್ಲಿ, ರಾತ್ರಿಯೆಂದೂ ನೋಡದೆ, ಸೈನಿಕರನ್ನು ಆಚೆಯ ದಡಕ್ಕೆ ಸಾಗಿಸಿದುವು. ಢಾಕಾ ನಗರದ ದಾರಿ ತೆರೆಯಿತು.

ಈ ಯಂತ್ರವನ್ನು ನಡೆಸುವುದು ಎಷ್ಟು ಕಷ್ಟವೆಂಬುದನ್ನು ಸ್ವಲ್ಪ ವಿವರಿಸಬೇಕು. ಎಡಗೈಯ ಸನ್ನೆಕೋಲಿನಿಂದ ಏರಿಳಿತ. ಬಲಗೈಯ ಕೋಲಿನಿಂದ ಮುಂದೆ, ಹಿಂದೆ, ಪಕ್ಕಕ್ಕೆ ಚಲನೆ. ಪಾದಗಳಿಂದ ಮೂತಿಯ ದಿಕ್ಕು. ಒಂದನ್ನು ಕದಲಿಸಿದರೆ ಉಳಿದೆರಡನ್ನೂ ತಿದ್ದಬೇಕು. ಮುಂದಕ್ಕೆ ಹಾರುವುದು ಸುಲಭ, ನಿಂತಲ್ಲೇ ನಿಲ್ಲುವುದು ಕಠಿನ. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯವರು 1992ರ ಆಗಸ್ಟ್ 20ರಂದು ಮೊದಲು ಹಾರಿಸಿದ ಹೆಲಿಕಾಪ್ಟರಿಗೆ ‘ಧ್ರುವ’ವೆಂಬ ಹೆಸರು ಬಂದಿದೆ. ಧ್ರುವವೆಂದರೆ ಕದಲದುದು. ಹಾರುವ ಯಂತ್ರಕ್ಕೆ ಅಚಲನ ನಾಮವೇ ಎಂದು ನಗುವವರು, ಈ ನಿಲ್ಲುವ ವಿದ್ಯೆಯನ್ನು ನೆನೆದರೆ ಹೆಸರಿನ ಔಚಿತ್ಯವನ್ನು ಒಪ್ಪುವರು. (ಹೆಲಿಕಾಪ್ಟರ್ ಎಂಬ ಹೆಸರಿನ ಉತ್ತರಾರ್ಧವಾದ ಗ್ರೀಕರ ‘ಪ್ತೆರೋನ್’ ಶಬ್ದಕ್ಕೂ ನಮ್ಮ ‘ಪತತ್ರ’ಕ್ಕೂ ಅರ್ಥ ಒಂದೇ, ರೆಕ್ಕೆ, ಮೂಲವೂ ಒಂದೇ.)

ಅಪಾಯವನ್ನು ಮುಚ್ಚಿಡುವುದು ಧರ್ಮವಲ್ಲ. ಮಂಜಿನ ಸ್ವಭಾವವನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾದುದಿಲ್ಲ. ಎದುರಿನ ಗುಡ್ಡವು ಕ್ಷಣಮಾತ್ರದಲ್ಲಿ ಮಾಯವಾಗುವುದನ್ನು ನಾವು ದಿನವೂ ಕಾಣುತ್ತೇವೆ. 2021ರ ಡಿಸೆಂಬರ್ 8ರಂದು ನೀಲಗಿರಿಯ ಕೂನೂರಿನ ಬಳಿ ಜನರಲ್ ಬಿಪಿನ್ ರಾವತರಿದ್ದ ಹೆಲಿಕಾಪ್ಟರು ಬಿದ್ದುದಕ್ಕೆ, ಹವೆಯು ಹಠಾತ್ತಾಗಿ ಬದಲಾಗಿ ಮೋಡದೊಳಗೆ ಹೊಕ್ಕುದೇ ಕಾರಣವೆಂದು ವಿಚಾರಣೆಯಲ್ಲಿ ತಿಳಿಯಿತು. ಅದರಲ್ಲಿದ್ದ 14 ಮಂದಿಯಲ್ಲಿ 13 ಜನ ಅಂದೇ ತೀರಿಕೊಂಡರು. ಉಳಿದೊಬ್ಬರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗರು ವಾರದ ಮೇಲೆ ಬೆಂಗಳೂರಿನಲ್ಲಿ ಅಸುನೀಗಿದರು. ಮಗನನ್ನು ಕಳುಹಿಸುವ ಮನೆಯವರು ಇದನ್ನೂ ತಿಳಿದೇ ಕಳುಹಿಸತಕ್ಕದ್ದು.

ಮಗನನ್ನು ಮಾತ್ರವೇ ಏಕೆ? 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಎಂಬ ಇಬ್ಬರು ತರುಣಿಯರು ‘ಚೀತಾ’ ಹೆಲಿಕಾಪ್ಟರುಗಳನ್ನು ನಡೆಸಿದರು. ವಾಯುಸೇನೆಯಲ್ಲಿ ಈ ವಿದ್ಯೆಯ ಪಾಠಕ್ಕೆ ಹೈದರಾಬಾದಿನ ಬಳಿಯ ಹಕೀಂಪೇಟೆಯು ಪ್ರಸಿದ್ಧವಾದ ಸ್ಥಳ. ನಮ್ಮ ಯಲಹಂಕದಲ್ಲಿಯೂ ಹೆಲಿಕಾಪ್ಟರು ದಳವುಂಟು.

ಆ ಯಲಹಂಕದ ಕೆಲಸವೊಂದನ್ನು ಹೇಳಿ ಮುಗಿಸುತ್ತೇನೆ. 2022ರ ಫೆಬ್ರವರಿ 20ರಂದು ನಂದಿಬೆಟ್ಟದ ಸಾಲಿನಲ್ಲಿ ಬಂಡೆ ಹತ್ತುತ್ತಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬನು ಜಾರಿ, ಸುಮಾರು 300 ಅಡಿ ಕೆಳಗೆ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡನು. ಕಾಲ್ನಡೆಯಲ್ಲಿ ಅವನ ಬಳಿಗೆ ಹೋಗುವಂತಿರಲಿಲ್ಲ. ಜಿಲ್ಲಾಧಿಕಾರಿಗಳ ಕರೆ ಬಂದೊಡನೆ ಯಲಹಂಕದಿಂದ ಎಂ.ಐ.–17 ಹೊರಟಿತು. ಚಾಲಕರು ಬೆಟ್ಟದ ಮಗ್ಗುಲಲ್ಲಿ ಯಂತ್ರವನ್ನು ನಿಲ್ಲಿಸಿ ಹಿಡಿದರು. ಹಗ್ಗದಲ್ಲಿ ಇಳಿದ ಯೋಧನು ಹುಡುಗನನ್ನು ಮೇಲಕ್ಕೆ ತಂದನು. ಯಲಹಂಕಕ್ಕೆ ಕರೆತಂದು, ಅಲ್ಲಿಂದ ಆಸ್ಪತ್ರೆಗೆ ಸೇರಿಸಿದರು.