ಹೊರಗಿನವರು ಎಂದು ಯಾರನ್ನು ಕರೆಯೋಣ?

ಕಳೆದ ತಿಂಗಳ ಎರಡನೇ ಜುಮಾದಂದು ನಾವು ಮಾಡಿದ ಪ್ರವಚನದ ಸಾರಾಂಶವನ್ನು ಬರೆದುಕೊಡಲು ಸಂಪಾದಕರು ಕೇಳಿದ್ದಾರೆ. ಅಂದು ಸಮಯ ಸಾಲದೆ ಕೆಲವು ವಿಷಯಗಳನ್ನು ಅರ್ಧಕ್ಕೇ ಬಿಡಬೇಕಾಯಿತು. ನಮಾಝ್ ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು, ಒಬ್ಬಿಬ್ಬರು ಬೇಸರವನ್ನೂ ತೋಡಿಕೊಂಡರು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ವಿಷಯ ಶುರುವಾದದ್ದು ಒಂದು ದೂರಿನಿಂದ. ಶಿವಾಜಿನಗರದ ಗಲ್ಲಿಯೊಂದರಲ್ಲಿರುವ ನಮ್ಮ ಸಣ್ಣ ಮಸೀದಿಗೆ ಈಗ ಜುಮಾದಂದು ಬಿಹಾರ, ಬಂಗಾಳ, ಅಸ್ಸಾಮಿನ ಹುಡುಗರು ಬಹಳ ಮಂದಿ ಬರುತ್ತಾರೆ. ಬ್ಯಾಗ್ ಹೊಲಿಯುವವರು, ಟೈಲ್ಸ್ ಹಾಕುವವರು, ಬಣ್ಣ ಬಳಿಯುವವರು, ಹೋಟೆಲಿನಲ್ಲಿ ರೊಟ್ಟಿ ತಟ್ಟುವವರು. ಹಿರಿಯರೊಬ್ಬರು ನಮ್ಮ ಕೋಣೆಗೆ ಬಂದು, "ಮೌಲಾನಾ, ಹೊರಗಿನವರು ಮೊದಲೇ ಬಂದು ಒಳಗೆ ಕೂತುಬಿಡುತ್ತಾರೆ. ಮೂರು ತಲೆಮಾರಿನಿಂದ ಚಂದಾ ಕೊಟ್ಟ ನಾವು ಬೀದಿಯಲ್ಲಿ ಚಾಪೆ ಹಾಕಿಕೊಳ್ಳಬೇಕು" ಎಂದರು. ಬೇಗ ಬಂದವನಿಗೆ ಮುಂದಿನ ಸಫ್, ತಡವಾಗಿ ಬಂದವನಿಗೆ ಬೀದಿಯ ಚಾಪೆ, ಇದರಲ್ಲಿ ಆಧಾರ್ ಕಾರ್ಡಿಗೆ ಕೆಲಸವಿಲ್ಲ ಎಂದು ನಾವು ನಗುತ್ತಲೇ ಉತ್ತರಿಸಿದೆವು. ಅವರೂ ನಕ್ಕರು. ಆದರೆ ಆ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಏಕೆಂದರೆ ಇದೇ ವಿಷಯದಲ್ಲಿ ನಮ್ಮದೇ ಒಂದು ತಪ್ಪು ಇತ್ತು.

ಒಂದೂವರೆ ವರ್ಷದ ಹಿಂದೆ ಮಸೀದಿಗೆ ಸೇರಿದ ಎರಡು ಕೋಣೆಯ ಮನೆಯೊಂದು ಖಾಲಿಯಾಯಿತು. ಬಿಹಾರದ ಕಿಶನ್‌ಗಂಜ್ ಕಡೆಯ ದರ್ಜಿಯೊಬ್ಬರು ಅದನ್ನು ಕೇಳಿಕೊಂಡು ಬಂದರು. ಆರು ವರ್ಷದಿಂದ ಪಕ್ಕದ ಬೀದಿಯಲ್ಲೇ ಕೆಲಸ, ಐದು ಹೊತ್ತೂ ನಮ್ಮ ಹಿಂದೆಯೇ ನಮಾಝ್. ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಊರಿಂದ ಕರೆತರಬೇಕೆಂಬ ಆಸೆ. ಅಡ್ವಾನ್ಸ್ ಕೂಡ ತಂದಿದ್ದರು. ಕಮಿಟಿಯಲ್ಲಿ ಯಾರೋ "ಹೊರಗಿನವರಿಗೆ ಬೇಡ, ನಾಳೆ ಪೊಲೀಸು ಕೇಸು ಅಂತ ಯಾರು ಅಲೆಯುವುದು" ಎಂದರು. ನಮ್ಮ ಅಭಿಪ್ರಾಯ ಕೇಳಿದಾಗ, "ಕಮಿಟಿಯ ಇಷ್ಟ" ಎಂದು ಹೇಳಿ ಎದ್ದು ಬಂದೆವು. ಅವರು ಈಗ ಕೆ.ಆರ್. ಪುರಂ ಆಚೆ ತಗಡಿನ ಮನೆಯೊಂದರಲ್ಲಿದ್ದಾರೆ, ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಈಗಲೂ ಎದುರಾದಾಗ ಮೊದಲು ಸಲಾಮ್ ಹೇಳುವವರು ಅವರೇ.

ಅದೇ ವರ್ಷ ನಮ್ಮ ಜಮಾಅತಿನ ಒಬ್ಬರ ಮಗ, ಸಾಫ್ಟ್‌ವೇರ್ ಕಂಪನಿಯಲ್ಲಿರುವವನು, ಇಂದಿರಾನಗರದಲ್ಲಿ ಮನೆ ಹುಡುಕುತ್ತಿದ್ದ. ಫೋನಿನಲ್ಲಿ ಎಲ್ಲ ಮಾತೂ ಮುಗಿಯುತ್ತಿತ್ತು, ಕೊನೆಗೆ ಹೆಸರು ಹೇಳಿದೊಡನೆ ಮನೆ "ಈಗಷ್ಟೇ ಬೇರೆಯವರಿಗೆ ಆಗಿಬಿಟ್ಟಿದೆ" ಎಂದಾಗುತ್ತಿತ್ತು. ಅವನು ನಮ್ಮ ಮುಂದೆ ಕೂತು ಸಿಟ್ಟಿನಿಂದ ಇದನ್ನು ಹೇಳುತ್ತಿದ್ದಾಗ ನಾವು ಸಮಾಧಾನದ ಮಾತು ಹೇಳಿದೆವು. ಆದರೆ ಆ ದರ್ಜಿಯ ಮುಖ ನೆನಪಾಗಿ ನಮ್ಮ ಮಾತು ನಮಗೇ ರುಚಿಸಲಿಲ್ಲ.

ಕಂಟೋನ್ಮೆಂಟಿನಲ್ಲಿ ಹೊರಗಿನವರು ಎಂಬ ಪದವನ್ನು ಬಳಸುವ ಮೊದಲು ನಾವು ಸ್ವಲ್ಪ ಹಿಂದೆ ತಿರುಗಿ ನೋಡಬೇಕು. ಈ ಊರು ಹುಟ್ಟಿದ್ದೇ ಬಂದವರಿಂದ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ಹಲಸೂರಿನ ಬಳಿಗೆ ತಂದರು. ಸೈನ್ಯದ ಹಿಂದೆ ತಮಿಳರು ಬಂದರು, ದಖನಿ ಮಾತಾಡುವ ನಮ್ಮವರು ಬಂದರು, ಕಟುಕರು, ದರ್ಜಿಗಳು, ಕುದುರೆ ನೋಡಿಕೊಳ್ಳುವವರು ಬಂದರು. ಇರಾನಿನ ಶಿರಾಝಿನಿಂದ ಆಗಾ ಅಲಿ ಅಸ್ಕರ್ ಎಂಬ ಹುಡುಗ 1824ರಲ್ಲಿ ಕುದುರೆ ವ್ಯಾಪಾರಕ್ಕೆಂದು ಇಲ್ಲಿಗೆ ಬಂದ. ಅವರ ಹೆಸರಿನ ರಸ್ತೆ ಇಂದಿಗೂ ಇದೆ. ಅವರ ಮೊಮ್ಮಗ ಸರ್ ಮಿರ್ಝಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಿ. ಅದು ಯಾರ ಹೆಸರಿನಲ್ಲಿದೆ? ಹಾಜಿ ಸರ್ ಇಸ್ಮಾಯಿಲ್ ಸೇಠ್. ಕಚ್ಛೀ ಮೇಮನ್ ಸಮುದಾಯದವರು, ಎಂದರೆ ಗುಜರಾತಿನ ಕಚ್ಛ್ ಕಡೆಯಿಂದ ಬಂದವರ ಕುಲ. ಇನ್ನು ಈ ಸಾಲುಗಳನ್ನು ಬರೆಯುತ್ತಿರುವ ನಾವೇ ಚಿಂತಾಮಣಿ ಕಡೆಯವರು. ಒಂದು ಟ್ರಂಕು, ಮದ್ರಸಾದ ಸನದು, ಅಂಚೆಯ ಮೂಲಕ ಮುಗಿಸಿದ ಬಿ.ಎ. ಪದವಿ ಹಿಡಿದು ಈ ಗಲ್ಲಿಗೆ ಬಂದವರು. ಚಿಂತಾಮಣಿ ಹತ್ತಿರವಾಯಿತು, ಕಿಶನ್‌ಗಂಜ್ ದೂರವಾಯಿತು ಅಷ್ಟೆ.

ಆ ದೂರವನ್ನು ಅವರು ಏಕೆ ದಾಟಿ ಬರುತ್ತಾರೆ ಎಂಬುದನ್ನೂ ತಿಳಿಯಬೇಕು. ಅಸ್ಸಾಮಿನ ಧುಬ್ರಿ, ಬರ್ಪೇಟಾ ಜಿಲ್ಲೆಗಳಲ್ಲಿ ಬ್ರಹ್ಮಪುತ್ರೆ ಗದ್ದೆಗಳನ್ನು ಕೊರೆದು ನುಂಗುತ್ತಾಳೆ. ಬಂಗಾಳದ ಮಾಲ್ಡಾ, ಮುರ್ಷಿದಾಬಾದ್‌ನಲ್ಲಿ ಗಂಗೆಯೂ ಹಾಗೆಯೇ. ಇಂದು ಮನೆಯಿದ್ದ ಜಾಗದಲ್ಲಿ ನಾಳೆ ನದಿ. ಅಲ್ಲಿಂದ ಎರಡು ದಿನಕ್ಕೂ ಹೆಚ್ಚು ಕಾಲ ರೈಲಿನಲ್ಲಿ ಕೂತು ಬಂದರೆ ಇಲ್ಲಿ ಮೆಟ್ರೋ, ಅಪಾರ್ಟ್‌ಮೆಂಟ್, ಸೆಕ್ಯುರಿಟಿ ಕೆಲಸ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ ಮೇಲೆ ಆ ಕಡೆಯ ರೈಲುಗಳು ನಮ್ಮ ಪೂರ್ವ ಬೆಂಗಳೂರಿಗೇ ಬಂದು ನಿಲ್ಲುತ್ತಿವೆ. ನೋಡಲು ಒಮ್ಮೆ ಹೋಗಿ ಬನ್ನಿ. ಅಸ್ಸಾಮಿನ ಹುಡುಗರ ಚೀಲದಲ್ಲಿ ಬಟ್ಟೆಗಿಂತ ಜೋಪಾನವಾಗಿರುವುದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಪತ್ರ. 2019ರ ಆಗಸ್ಟ್ 31ರಂದು ಅಲ್ಲಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರು ಬಿಟ್ಟುಹೋಗಿತ್ತು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಅಂಥವರನ್ನು ನಮ್ಮ ಮಕ್ಕಳು ಕ್ರಿಕೆಟ್ ಆಡುತ್ತಾ "ಏ ಬಾಂಗ್ಲಾ" ಎಂದು ಕೂಗುವುದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಮಕ್ಕಳು ಆ ಮಾತನ್ನು ಕಲಿತದ್ದು ಮನೆಯಲ್ಲಿ.

ಆ ಒಂದು ಪದ ಏನು ಮಾಡಬಲ್ಲದು ಎಂಬುದನ್ನು 2020ರ ಜನವರಿಯಲ್ಲಿ ಕಂಡೆವು. ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರಿದ್ದಾರೆ ಎಂಬ ವಿಡಿಯೋ ಹರಡಿತು, ಕೆಲವೇ ದಿನಗಳಲ್ಲಿ ಶೆಡ್ಡುಗಳು ನೆಲಸಮವಾದವು. ಬೀದಿಗೆ ಬಿದ್ದವರು ಕಾಗದ ತೆಗೆದು ತೋರಿಸಿದಾಗ ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಕೊನೆಗೆ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಸುದ್ದಿ ತಂದವನು ಯಾರು, ಅದು ನಿಜವೇ ಎಂದು ವಿಚಾರಿಸದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿ ಎಂದು ಸೂರಾ ಹುಜುರಾತ್ ಎಚ್ಚರಿಸುವುದು ಇಂಥದ್ದಕ್ಕೇ.

ಸುಳ್ಳು ಸುದ್ದಿಯ ಇನ್ನೊಂದು ಮುಖವನ್ನೂ ನಾವು ನೋಡಿದ್ದೇವೆ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಾಝಾರ್ ಕಡೆ ಬೋಡೊ ಜನರಿಗೂ ಮುಸ್ಲಿಮರಿಗೂ ಗಲಭೆಯಾಗಿ ಲಕ್ಷಾಂತರ ಮಂದಿ ಮನೆ ಬಿಟ್ಟು ಶಿಬಿರ ಸೇರಿದರು. ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯದವರ ಮೊಬೈಲಿಗೆ ಸಂದೇಶಗಳು ಬರತೊಡಗಿದವು. ರಮಝಾನ್ ಮುಗಿಯುತ್ತಲೇ ಮುಸ್ಲಿಮರು ದಾಳಿ ಮಾಡುತ್ತಾರಂತೆ, ಅಷ್ಟರೊಳಗೆ ಊರು ಬಿಡಬೇಕಂತೆ. ಸ್ವಾತಂತ್ರ್ಯ ದಿನದ ಸಂಜೆ ಮೆಜೆಸ್ಟಿಕ್ ರೈಲು ನಿಲ್ದಾಣ ಜನರಿಂದ ತುಂಬಿಹೋಯಿತು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಎರಡು ಮೂರು ದಿನದಲ್ಲಿ ಹತ್ತಾರು ಸಾವಿರ ಮಂದಿ ಹೊರಟುಹೋದರು. ಕೇಂದ್ರ ಸರಕಾರ ಹದಿನೈದು ದಿನ ಸಾಮೂಹಿಕ ಎಸ್ಸೆಮ್ಮೆಸ್ಸನ್ನೇ ನಿಲ್ಲಿಸಿತು.

ಸಮುದಾಯದ ಹಿರಿಯರು ಅವರಿಗೆ ಧೈರ್ಯ ಹೇಳಲು ನಿಲ್ದಾಣಕ್ಕೆ ಹೋದಾಗ ಜೊತೆಯಲ್ಲಿ ನಾವೂ ಇದ್ದೆವು. ಆಗಿನ್ನೂ ಚಿಕ್ಕ ವಯಸ್ಸು, ಉಪವಾಸದ ದಿನಗಳು. ನೀರಿನ ಬಾಟಲಿ ಹಂಚುತ್ತಿದ್ದೆವು. ನಮ್ಮ ಗಡ್ಡ ಟೋಪಿ ನೋಡಿದ ಒಬ್ಬಳು ಹುಡುಗಿ ತನ್ನ ತಮ್ಮನನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಬಾಟಲಿ ತೆಗೆದುಕೊಳ್ಳಲಿಲ್ಲ. ಆಗಸ್ಟ್ 20ರಂದು ಈದ್ ಆಯಿತು. ಸಂದೇಶದಲ್ಲಿ ಹೇಳಿದ್ದ ದಾಳಿ ನಡೆಯಲಿಲ್ಲ, ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬಂದರು. ಆದರೆ ಆ ಹುಡುಗಿಗೆ ಮುಸ್ಲಿಮ್ ಒಬ್ಬನ ಪರಿಚಯವೂ ಇರಲಿಲ್ಲ ಎಂಬುದು ನಮ್ಮನ್ನು ಇಂದಿಗೂ ಕಾಡುತ್ತದೆ. ಹಲಸೂರಿನಲ್ಲೋ ಇಂದಿರಾನಗರದಲ್ಲೋ ವರ್ಷಗಟ್ಟಲೆ ಇದ್ದವಳಾಗಿರಬಹುದು. ನಮ್ಮವರು ಯಾರಾದರೂ ಒಂದು ದಿನ ಅವಳ ಹೆಸರು ಕೇಳಿದ್ದರೆ ಮೊಬೈಲಿನ ಆ ಸಾಲನ್ನು ಅವಳು ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ. ನೆರೆಯವನ ಹಕ್ಕು ಕಲಿಮಾ ಹೇಳಿದವನಿಗೆ ಮಾತ್ರ ಮೀಸಲಲ್ಲ.

ಮದೀನಾದ ವಿಷಯಕ್ಕೆ ಬರೋಣ. ಅನ್ಸಾರ್ ಮತ್ತು ಮುಹಾಜಿರರ ಸಹೋದರತೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಸಅದ್ ಬಿನ್ ರಬೀ(ರ) ತಮ್ಮ ಅರ್ಧ ಸಂಪತ್ತನ್ನೇ ಕೊಡಲು ಮುಂದಾದರು. ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅದಕ್ಕೆ ಬರ್ಕತ್ ಹಾರೈಸಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕು ಎಂದರು. ಗಿಣ್ಣು ತುಪ್ಪ ಮಾರಿ ತಮ್ಮ ಕಾಲ ಮೇಲೆ ನಿಂತರು. ಬಂದವನಿಗೆ ಬೇಕಾದದ್ದು ಹೆಚ್ಚಿನ ಸಲ ಇಷ್ಟೇ, ಮಾರುಕಟ್ಟೆಯ ದಾರಿ.

ಆದರೆ ಮದೀನಾದಲ್ಲಿ ಎಲ್ಲವೂ ಸಲೀಸಾಗಿತ್ತು ಎಂದುಕೊಳ್ಳಬೇಡಿ. ಬನೂ ಮುಸ್ತಲಿಕ್ ಅಭಿಯಾನದ ಸಮಯದಲ್ಲಿ ಮುರೈಸೀ ಎಂಬ ನೀರಿನ ತಾಣದ ಬಳಿ ಮುಹಾಜಿರರ ಕಡೆಯ ಒಬ್ಬನಿಗೂ ಅನ್ಸಾರರ ಕಡೆಯ ಒಬ್ಬನಿಗೂ ಜಗಳವಾಯಿತು. ಒಬ್ಬ ಮುಹಾಜಿರರನ್ನು ಕೂಗಿ ಕರೆದ, ಇನ್ನೊಬ್ಬ ಅನ್ಸಾರರನ್ನು. ಎರಡೂ ಗೌರವದ ಹೆಸರುಗಳು, ಸ್ವತಃ ಅಲ್ಲಾಹನು ಹೊಗಳಿದ ಹೆಸರುಗಳು. ಆದರೂ ಅವನ್ನು ಗುಂಪು ಕಟ್ಟಲು ಬಳಸಿದಾಗ ಪ್ರವಾದಿ(ಸ)ರು ಅದನ್ನು ಅಜ್ಞಾನ ಕಾಲದ ಕೂಗು ಎಂದರು, ನಾರುವ ವಸ್ತು ಎಂದರು. ಆ ಸಂದರ್ಭವನ್ನು ಬಳಸಿಕೊಂಡವನು ಅಬ್ದುಲ್ಲಾ ಬಿನ್ ಉಬಯ್ಯ್, ಊರಿನ ಮೂಲನಿವಾಸಿ ನಾಯಕ. ಮದೀನಾಕ್ಕೆ ಮರಳಿದ ಮೇಲೆ ಗೌರವಸ್ಥರು ಹೀನರನ್ನು ಹೊರಗಟ್ಟುತ್ತಾರೆ ಎಂದ. ಬಂದವರಿಗೆ ಖರ್ಚು ಮಾಡುವುದನ್ನು ನಿಲ್ಲಿಸಿದರೆ ತಾವಾಗಿಯೇ ಚದುರುತ್ತಾರೆ ಎಂದೂ ಹೇಳಿದ. ಸೂರಾ ಮುನಾಫಿಕೂನ್‌ನಲ್ಲಿ ಈ ಎರಡೂ ಮಾತುಗಳು ದಾಖಲಾಗಿವೆ. ಹಿಂತಿರುಗುವಾಗ ಮದೀನಾದ ಹೊರಗೆ ಅವನನ್ನು ತಡೆದು ನಿಲ್ಲಿಸಿದವನು ಅವನ ಸ್ವಂತ ಮಗ.

2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಪೂರ್ವ ಬೆಂಗಳೂರು ಟ್ಯಾಂಕರಿಗೆ ಸಾಲು ನಿಂತಾಗ, ಹೊರಗಿನವರು ಬಂದು ನಮ್ಮ ನೀರು ಕುಡಿದರು ಎಂಬ ಮಾತನ್ನು ನಮ್ಮವರ ಬಾಯಲ್ಲೂ ಕೇಳಿದೆವು. ನಮಗೆ ಮುರೈಸೀ ನೆನಪಾಯಿತು.

ಸ್ಥಳೀಯರ ದೂರುಗಳೆಲ್ಲ ಸುಳ್ಳು ಎನ್ನುತ್ತಿಲ್ಲ. ನಮ್ಮ ಪೇಂಟರ್ ಸಹೋದರರೊಬ್ಬರು, "ನಾವು ಕೇಳುವ ಕೂಲಿಯ ಮುಕ್ಕಾಲಿಗೆ ಅವರು ಒಪ್ಪುತ್ತಾರೆ, ನನ್ನ ಮನೆ ಹೇಗೆ ನಡೆಯಬೇಕು?" ಎಂದು ಕೇಳಿದರು. ನ್ಯಾಯವಾದ ನೋವು. ಆದರೆ ಉಳಿದ ಕಾಲು ಭಾಗ ಸೇರುವುದು ಕಂಟ್ರಾಕ್ಟರನ ಜೇಬಿಗೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಬಿಲ್ಡರುಗಳ ಜೊತೆ ಸಭೆ ನಡೆಸಿದ ಮೇಲೆ ನಮ್ಮ ಸರಕಾರ ವಲಸೆ ಕಾರ್ಮಿಕರ ರೈಲುಗಳನ್ನೇ ಬೇಡವೆಂದಿತ್ತು, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಬೇಡವಾದವರನ್ನು ಯಾರೂ ಹೀಗೆ ಹಿಡಿದಿಟ್ಟುಕೊಳ್ಳುವುದಿಲ್ಲ. ಗಲ್ಲಿಯಲ್ಲಿ ಗಲೀಜು ಹೆಚ್ಚಿತು ಎನ್ನುತ್ತೀರಿ. ಒಂದೇ ಕೋಣೆಯಲ್ಲಿ ಹತ್ತು ಮಂದಿಯನ್ನು ತುಂಬಿ ತಲೆಗೆ ಇಷ್ಟು ಎಂದು ವಸೂಲಿ ಮಾಡುವ ಮಾಲೀಕ ಬಿಹಾರದವನಲ್ಲ, ನಮ್ಮ ಮಸೀದಿಗೇ ಬರುವವನು.

ಇನ್ನು ಮಾಡಬೇಕಾದದ್ದು. ಮನೆ ಕೊಡುವಾಗ ಗುರುತಿನ ಚೀಟಿ ಕೇಳುವುದು, ಬರವಣಿಗೆಯ ಕರಾರು ಮಾಡುವುದು, ಠಾಣೆಗೆ ಬಾಡಿಗೆದಾರರ ವಿವರ ಕೊಡುವುದು ತಪ್ಪಲ್ಲ, ಅದು ಇಬ್ಬರಿಗೂ ರಕ್ಷಣೆ. ದೇಶದ ಯಾವ ಭಾಗದಲ್ಲಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿ ನಾಗರಿಕನಿಗೆ ಕೊಟ್ಟಿದೆ. ಅವರ ಊರಿನ ರೇಷನ್ ಕಾರ್ಡಿನಿಂದಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು, ಇದು ಬಹಳ ಮಂದಿಗೆ ಗೊತ್ತಿಲ್ಲ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಮಗುವನ್ನು ಶಾಲೆ ತಿರುಗಿ ಕಳಿಸುವಂತಿಲ್ಲ. ಫಾರ್ಮ್ ತುಂಬಿಸಿಕೊಡಲು ಓದಿದ ನಮ್ಮ ಹುಡುಗ ಹುಡುಗಿಯರಿಗೆ ಒಂದು ಗಂಟೆ ಸಾಕು.

ಮಸೀದಿಯ ಮುಂದಿನ ಖಾಲಿ ಮನೆಯನ್ನು ಊರು ಕೇಳದೆ ಮೊದಲು ಅರ್ಜಿ ಕೊಟ್ಟವರಿಗೆ ಕೊಡಬೇಕೆಂದು ನಾವು ಕಮಿಟಿಗೆ ಬರೆದುಕೊಟ್ಟಿದ್ದೇವೆ. ತೀರ್ಮಾನ ಇನ್ನೂ ಆಗಿಲ್ಲ. ಆ ದರ್ಜಿಯ ಬಳಿ ಹೋಗಿ ಕ್ಷಮೆ ಕೇಳಿದೆವು. ಅವರು ಚಹಾ ತರಿಸಿದರು, ಆ ಮಾತನ್ನು ಮುಂದುವರಿಸಲು ಬಿಡಲಿಲ್ಲ.

ಭಾಷೆಯ ವಿಷಯದಲ್ಲಿ ಬಂದವರಿಗೂ ಒಂದು ಮಾತು ಹೇಳಿದ್ದೇವೆ. ಶಿವಾಜಿನಗರದಲ್ಲಿ ಉರ್ದು ಸಾಕು ಎಂದುಕೊಳ್ಳಬೇಡಿ, ಅನ್ನ ಕೊಡುವ ನಾಡಿನ ಕನ್ನಡ ಕಲಿಯಿರಿ. ಅದಕ್ಕಾಗಿ ಭಾನುವಾರ ಅಸರ್ ನಮಾಝಿನ ನಂತರ ಮಸೀದಿಯ ಮಹಡಿಯಲ್ಲಿ ತರಗತಿ ಶುರುವಾಗಿದೆ, ಶುಲ್ಕವಿಲ್ಲ. ಸರಕಾರಿ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರು ಕಲಿಸುತ್ತಾರೆ. ಮೊದಲ ದಿನ ಹನ್ನೊಂದು ಮಂದಿ ಬಂದಿದ್ದರು. ಅವರಲ್ಲಿ ಮೂವರು ಘೋಷಾ ಆಸ್ಪತ್ರೆಯಲ್ಲೇ ಹುಟ್ಟಿದ ನಮ್ಮ ಹುಡುಗರು, ಬಸ್ಸಿನ ಬೋರ್ಡು ಓದಲು ಬರುವುದಿಲ್ಲವಂತೆ. ಇನ್ನೊಂದು ಕರಿಹಲಗೆ ಬೇಕಾಗಿದೆ.