ಎತ್ತಿಗೆ ಸೋಮವಾರ, ಸ್ನಾಯುವಿಗೆ ಯಾವ ವಾರ?

ಯಲಬುರ್ಗಾ, ಕುಷ್ಟಗಿ ಕಡೆಯ ಊರುಗಳಲ್ಲಿ ಜೋಡೆತ್ತು ಉಳಿಸಿಕೊಂಡಿರುವ ಮನೆಯವರು ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತನೆಯ ಹದ ಮೀರುತ್ತಿದ್ದರೂ ಅಂದು ರಂಟೆ, ಕುಂಟೆ, ಕೂರಿಗೆಗಳು ಗೋಡೆಗೆ ಒರಗಿರುತ್ತವೆ. ಎತ್ತೆಂದರೆ ಬಸವಣ್ಣ, ಸೋಮವಾರವೆಂದರೆ ಶಿವನ ವಾರ, ಆದ್ದರಿಂದ ಬಿಡುವು ಎನ್ನುವುದು ರೈತರು ಕೊಡುವ ಕಾರಣ. ಈ ಆಚರಣೆಯೊಳಗೆ ಹಿರಿಯರ ಶರೀರವಿಜ್ಞಾನ ಅಡಗಿತ್ತೆಂದು ಬರೆದುಬಿಡುವುದು ಸುಲಭ. ಅದಕ್ಕೆ ಆಧಾರವಿಲ್ಲ, ಭಕ್ತಿಯನ್ನು ಭಕ್ತಿಯೆಂದೇ ಬಿಡೋಣ. ಸೋಜಿಗದ ಸಂಗತಿ ಬೇರೆ ಇದೆ. ಎತ್ತಿಗೆ ವಾರಕ್ಕೊಂದು ದಿನ ಬಿಡುವು ಕೊಡುವ ಅದೇ ಮನೆಯ ಹುಡುಗ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಜಿಮ್ ಸೇರಿದರೆ ಏಳೂ ದಿನ ಹೋಗುತ್ತಾನೆ. ಒಂದು ದಿನ ತಪ್ಪಿದರೆ ಗಳಿಸಿದ್ದೆಲ್ಲ ಕರಗಿಹೋಯಿತೆಂದು ಒದ್ದಾಡುತ್ತಾನೆ. ಭಾರ ಎತ್ತುವ ಹೊತ್ತಿನಲ್ಲಿ ಸ್ನಾಯು ಬೆಳೆಯುತ್ತದೆಂಬ ನಂಬಿಕೆ ಈ ಒದ್ದಾಟದ ಬೇರು. ಆ ಹೊತ್ತಿನಲ್ಲಿ ಸ್ನಾಯು ದಣಿಯುತ್ತದೆ, ಅಲ್ಲಲ್ಲಿ ಹರಿಯುತ್ತದೆ, ದಾಸ್ತಾನು ಖಾಲಿ ಮಾಡಿಕೊಳ್ಳುತ್ತದೆ. ಬೆಳೆಯುವುದೆಲ್ಲ ಆಮೇಲೆ. ಹಾಗಾಗಿ ಬಿಡುವಿನ ದಿನವನ್ನೂ ವ್ಯಾಯಾಮದ ಲೆಕ್ಕಕ್ಕೇ ಹಿಡಿಯಬೇಕು ಎನ್ನುವುದು ಈ ಲೇಖನದ ವಾದ.

ಸಾಕ್ಷ್ಯಕ್ಕೆ ದೂರ ಹೋಗಬೇಕಿಲ್ಲ. ಆನೆಗೊಂದಿಯ ಬಳಿಯ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲುಗಳಿವೆ. ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಇಳಿಯುವುದು ಸಲೀಸು. ಆದರೆ ಅಭ್ಯಾಸವಿಲ್ಲದವರಿಗೆ ಒಂದೆರಡು ದಿನ ಬಿಟ್ಟು ತೊಡೆ, ಮೀನಖಂಡ ಹಿಡಿದುಕೊಂಡು ಕುಳಿತರೆ ಏಳಲಾಗದ ಸ್ಥಿತಿ ಬಂದರೆ ಅದಕ್ಕೆ ಹೆಚ್ಚಿನ ಹೊಣೆ ಆ ಸಲೀಸಾದ ಇಳಿತದ್ದೇ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗುತ್ತ ಹೋಗಬೇಕು. ಹೀಗೆ ಹಿಗ್ಗುತ್ತ ದುಡಿಯುವಾಗ ಕಡಿಮೆ ಎಳೆಗಳೇ ಹೆಚ್ಚು ಭಾರ ಹೊರುತ್ತವೆ. ಶ್ರಮ ಕಡಿಮೆ ಅನ್ನಿಸಿದರೂ ಒಂದೊಂದು ಎಳೆಯ ಮೇಲಿನ ಜಗ್ಗಾಟ ಜಾಸ್ತಿ. ತಡವಾಗಿ ಬರುವ ಈ ನೋವಿಗೆ ಸ್ನಾಯು ಒಳಗೊಳಗೇ ಹರಿಯುವುದೇ ಕಾರಣವಿರಬೇಕೆಂದು ಅಮೆರಿಕದ ಥಿಯೋಡರ್ ಹಾಫ್ 1902ರಲ್ಲೇ ಸೂಚಿಸಿದ್ದ. 1981ರಲ್ಲಿ ಸ್ವೀಡನ್ನಿನ ಸಂಶೋಧಕರು ಜನರನ್ನು ಮೇಲಿಂದ ಮೇಲೆ ಮೆಟ್ಟಿಲಿಳಿಸಿ, ನೋಯುವ ಸ್ನಾಯುವಿನ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಳೆಗಳನ್ನು ಅಡ್ಡಲಾಗಿ ಬಂಧಿಸುವ, ನೆಟ್ಟಗಿರಬೇಕಾದ ಪಟ್ಟಿಗಳು ಅಲ್ಲಲ್ಲಿ ಕದಡಿ ಚೆದುರಿದ್ದವು.

ಇಲ್ಲಿ ಜಿಮ್‌ಗಳಲ್ಲಿ ಇವತ್ತಿಗೂ ಚಲಾವಣೆಯಲ್ಲಿರುವ ಒಂದು ಮಾತನ್ನು ಒರೆಗೆ ಹಚ್ಚಬೇಕು: ಮರುದಿನದ ನೋವು ಲ್ಯಾಕ್ಟಿಕ್ ಆಮ್ಲ ಕೂತಿದ್ದರಿಂದ, ಮತ್ತೆ ಭಾರ ಎತ್ತಿದರೆ ಅದು ಇಳಿದುಹೋಗುತ್ತದೆ ಎನ್ನುವುದು. ಕಠಿಣ ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನೋವು ಶುರುವಾಗುವಷ್ಟರಲ್ಲಿ ಅದರ ಸುಳಿವೂ ಇರುವುದಿಲ್ಲ. 1983ರ ಒಂದು ಪ್ರಯೋಗ ಇದನ್ನು ನೇರವಾಗಿಯೇ ಪರೀಕ್ಷಿಸಿತು. ಸಮತಟ್ಟಿನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ನೋವಿರುವ ತೊಡೆಯ ಮೇಲೆ ಮತ್ತೆ ಬೈಠಕ್ ಹೊಡೆದರೆ ಹಗುರಾದಂತೆ ಅನ್ನಿಸುವುದು ನಿಜ, ಮೈ ಬಿಸಿಯಾಗಿರುವವರೆಗೆ ನೋವಿನ ಅರಿವು ಮಂದವಾಗುತ್ತದೆ. ದುರಸ್ತಿ ಬೇಗ ಮುಗಿಯುತ್ತದೆಂದು ಅದರ ಅರ್ಥವಲ್ಲ.

ಆ ದುರಸ್ತಿಗೆ ತನ್ನದೇ ವೇಳಾಪಟ್ಟಿ ಇದೆ. ಸ್ನಾಯುವಿನ ಎಳೆ ಒಮ್ಮೆ ರೂಪುಗೊಂಡ ಮೇಲೆ ತಾನಾಗಿ ಒಡೆದು ಎರಡಾಗಲಾರದು. ಅದರ ಮೈಗಂಟಿಕೊಂಡು ಮಲಗಿರುವ ಪುಟ್ಟ ಕೋಶಗಳನ್ನು ಅಲೆಕ್ಸಾಂಡರ್ ಮೌರೊ 1961ರಲ್ಲಿ ಕಪ್ಪೆಯ ಕಾಲಿನಲ್ಲಿ ಗುರುತಿಸಿದ. ಸ್ಯಾಟಲೈಟ್ ಕೋಶಗಳೆಂದು ಅವುಗಳ ಹೆಸರು. ಹಾನಿಯಾದಾಗ ಇವು ಎಚ್ಚೆತ್ತು, ವೃದ್ಧಿಸಿ, ಹಳೆಯ ಎಳೆಯೊಳಗೆ ಬೆಸೆದುಕೊಂಡು ಹೊಸ ಕೋಶಕೇಂದ್ರಗಳನ್ನು ಒದಗಿಸುತ್ತವೆ. ಇದು ದಿನಗಟ್ಟಲೆ ನಡೆಯುವ ಕೆಲಸ. ಇನ್ನು ಪ್ರೋಟೀನ್ ಕಟ್ಟುವ ವೇಗ: 1995ರ ಕೆನಡಾದ ಅಧ್ಯಯನವೊಂದರಲ್ಲಿ ಭಾರ ಎತ್ತಿದ ತೋಳಿನಲ್ಲಿ ಅದು ನಾಲ್ಕು ಗಂಟೆಯ ನಂತರ ಅರ್ಧದಷ್ಟು ಹೆಚ್ಚಿತ್ತು, 24 ಗಂಟೆಗೆ ಇಮ್ಮಡಿ ದಾಟಿತ್ತು, 36 ಗಂಟೆಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಎರಡು ವರ್ಷದ ನಂತರದ ಇನ್ನೊಂದು ಅಧ್ಯಯನದಲ್ಲಿ 48 ಗಂಟೆಯಾದರೂ ಸ್ವಲ್ಪ ಏರಿಕೆ ಉಳಿದಿತ್ತು. ಅಂದರೆ ಇವತ್ತು ಬೆಳಿಗ್ಗೆ ಎದೆಗೆ ಕೆಲಸ ಕೊಟ್ಟರೆ, ನಾಳೆ ಬೆಳಿಗ್ಗೆ ಆ ಸ್ನಾಯು ಕಟ್ಟುವ ಕೆಲಸದ ಭರಾಟೆಯಲ್ಲಿರುತ್ತದೆ. ಅದೇ ಹೊತ್ತಿಗೆ ಮತ್ತೆ ಅದನ್ನೇ ಜಗ್ಗುವುದು, ಗಿಲಾಯಿ ಒಣಗುವ ಮೊದಲೇ ಗೋಡೆ ಕೆರೆದಂತೆ.

ಇಂಧನದ ಲೆಕ್ಕವೂ ಉಂಟು. ದುಡಿಯುವ ಸ್ನಾಯು ತನ್ನೊಳಗೆ ಕೂಡಿಟ್ಟ ಗ್ಲೈಕೊಜೆನ್ ಉರಿಸುತ್ತದೆ. 1966ರಲ್ಲಿ ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್ಲಿನ ಆಚೆ ಈಚೆ ಕೂತು ಒಬ್ಬೊಬ್ಬರು ಒಂದೇ ಕಾಲಿನಿಂದ ಪೆಡಲ್ ತುಳಿದು ಸುಸ್ತಾದರು, ಆಮೇಲೆ ಪಿಷ್ಟ ಹೆಚ್ಚಿರುವ ಊಟ ಮಾಡುತ್ತ ಬಿಡುವು ಕೊಟ್ಟರು. ಮೂರು ದಿನದಲ್ಲಿ ತುಳಿದ ಕಾಲಿನ ಗ್ಲೈಕೊಜೆನ್ ತುಳಿಯದ ಕಾಲಿನದಕ್ಕಿಂತ ಸುಮಾರು ಎರಡು ಪಟ್ಟಾಯಿತು. ಊಟ ಎರಡೂ ಕಾಲಿಗೆ ಒಂದೇ. ದಣಿದ ಸ್ನಾಯು ಮಾತ್ರ ಮೊದಲಿಗಿಂತ ದೊಡ್ಡ ಕಣಜ ಕಟ್ಟಿಕೊಂಡಿತ್ತು, ಅದೂ ಬಿಡುವಿನಲ್ಲಿ.

ಇಷ್ಟಾದ ಮೇಲೆ ಮೊದಲ ಆಕ್ಷೇಪ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲರು ದಿನವೂ ಚೀಲ ಹೊರುತ್ತಾರೆ, ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ದಿನವಿಡೀ ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುತ್ತಾರೆ. ಅವರಿಗಿಲ್ಲದ ಬಿಡುವು ಒಂದು ಗಂಟೆ ಡಂಬೆಲ್ ಎತ್ತುವವರಿಗೇಕೆ? ಇದಕ್ಕೆ ಎರಡು ಉತ್ತರಗಳಿವೆ. ಒಂದು, ಸ್ನಾಯು ಒಮ್ಮೆ ಹಾನಿ ಅನುಭವಿಸಿದರೆ ಅದೇ ಬಗೆಯ ಕೆಲಸದ ವಿರುದ್ಧ ಹಲವು ವಾರ ರಕ್ಷಣೆ ಪಡೆಯುತ್ತದೆ. ಹೊಸದಾಗಿ ಚೀಲ ಹೊತ್ತವನ ಮೈ ಮೊದಲ ವಾರ ನುಗ್ಗಾಗುತ್ತದೆ, ತಿಂಗಳಾದ ಮೇಲೆ ಅದೇ ಚೀಲ ಅಷ್ಟು ನೋಯಿಸುವುದಿಲ್ಲ. ಭಾರ ಬದಲಾಗದಿದ್ದರೆ ದೇಹ ಅದಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಜಿಮ್ಮಿನ ಗುರಿಯೇ ಬೇರೆ, ಹೊಂದಿಕೊಂಡ ಕೂಡಲೇ ಭಾರ ಏರಿಸುವುದು ಅಲ್ಲಿಯ ಕ್ರಮ. ಆದ್ದರಿಂದ ಹಾನಿಯೂ ದುರಸ್ತಿಯೂ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಎರಡನೆಯ ಉತ್ತರ ಅಷ್ಟು ಹಿತವಾದದ್ದಲ್ಲ. ಹಮಾಲರ ಸೊಂಟ, ಮೊಣಕಾಲು, ನಾಟಿ ಮಾಡುವವರ ಬೆನ್ನು ಸುಖವಾಗಿವೆಯೆಂದು ಯಾರೂ ಹೇಳಲಾರರು. ಕೂಲಿ ತಪ್ಪುತ್ತದೆಂದು ಅವರು ಬಿಡುವು ತೆಗೆದುಕೊಳ್ಳುವುದಿಲ್ಲ. ಬಡತನ ಮಾಡಿಸುವುದನ್ನು ಶರೀರದ ನಿಯಮವೆಂದು ಬಗೆಯುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಎರಡನೆಯ ಆಕ್ಷೇಪ ಜಾಣತನದ್ದು: ಹೃದಯವೂ ಸ್ನಾಯುವೇ, ಹುಟ್ಟಿದಂದಿನಿಂದ ಒಂದು ದಿನವೂ ರಜೆ ಹಾಕುವುದಿಲ್ಲ. ರಜೆ ಹಾಕುತ್ತದೆ, ಪ್ರತಿ ಬಡಿತಕ್ಕೂ. ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯಕ್ಕೆ ಒಂದು ಸುತ್ತಿಗೆ 0.8 ಸೆಕೆಂಡು, ಅದರಲ್ಲಿ ಸುಮಾರು 0.5 ಸೆಕೆಂಡು ಅದು ಸಡಿಲಗೊಂಡಿರುತ್ತದೆ. ಎಡ ಹೃತ್ಕುಕ್ಷಿಯ ಗೋಡೆಗೆ ರಕ್ತ ಹೆಚ್ಚಾಗಿ ಹರಿಯುವುದೂ ಆ ಸಡಿಲಿಕೆಯ ಹೊತ್ತಿನಲ್ಲೇ. ಜೊತೆಗೆ ಅದರ ಕೋಶಗಳ ರಚನೆಯೇ ಬೇರೆ: ಮೈಟೊಕಾಂಡ್ರಿಯಾ ತುಂಬಿ ತುಳುಕುವ, ಆಮ್ಲಜನಕವನ್ನೇ ನೆಚ್ಚಿಕೊಂಡ ಸ್ನಾಯು ಅದು. ತೋಳಿನ ಸ್ನಾಯುವನ್ನು ಅದರ ಪಕ್ಕ ನಿಲ್ಲಿಸಿ ನಾಚಿಸುವುದರಿಂದ ಪ್ರಯೋಜನವಿಲ್ಲ.

ನಿಜಕ್ಕೂ ತೂಕವಿರುವ ಆಕ್ಷೇಪ ಕುದುರೆ ಲಾಯದಿಂದ ಬರುತ್ತದೆ. ಯುರೋಪಿನಲ್ಲಿ ಬಂಡಿ, ನೇಗಿಲು ಎಳೆಯುತ್ತಿದ್ದ ದೊಡ್ಡ ಕುದುರೆಗಳಿಗೆ ಭಾನುವಾರ ಬಿಡುವಿರುತ್ತಿತ್ತು. ಸೋಮವಾರ ಬೆಳಿಗ್ಗೆ ಹೂಡಿದರೆ ಕೆಲವು ಕುದುರೆಗಳು ಸ್ವಲ್ಪ ದೂರ ನಡೆದು ಬೆವೆತು, ನಡುಗಿ, ಹಿಂಗಾಲು ಸೆಟೆದು ನಿಂತುಬಿಡುತ್ತಿದ್ದವು. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಸೋಮವಾರ ಬೆಳಗಿನ ರೋಗವೆಂದೇ ಇದಕ್ಕೆ ಹೆಸರಾಯಿತು. ಬಿಡುವೇ ರೋಗ ತಂದಿತಲ್ಲವೇ? ಭಾನುವಾರ ಕುದುರೆ ಲಾಯದಲ್ಲಿ ಅಲುಗಾಡದೆ ನಿಂತಿರುತ್ತಿತ್ತು, ಕಾಳಿನ ಮೇವು ಮಾತ್ರ ದುಡಿಯುವ ದಿನದಷ್ಟೇ ಬೀಳುತ್ತಿತ್ತು. 2008ರಲ್ಲಿ ಇಂಥ ಹಲವು ಕುದುರೆಗಳಲ್ಲಿ ಗ್ಲೈಕೊಜೆನ್ ಕಟ್ಟುವ ಕಿಣ್ವದ ವಂಶವಾಹಿ ದೋಷವೊಂದು ಪತ್ತೆಯಾಯಿತು. ಅವುಗಳ ಸ್ನಾಯು ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಕೂಡಿಡುತ್ತಿತ್ತು. ಮೇವು ತಗ್ಗಿಸಿ, ಬಿಡುವಿನ ದಿನವೂ ಒಂದಿಷ್ಟು ಅಡ್ಡಾಡಿಸಿದರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ನಮಗೆ ಆ ವಂಶವಾಹಿ ದೋಷ ಅನ್ವಯಿಸದು, ಆದರೆ ಬಿಡುವೆಂದರೆ ಕದಲದೆ ಬಿದ್ದಿರುವುದಲ್ಲ ಎಂಬ ಮಾತು ಅನ್ವಯಿಸುತ್ತದೆ. ನಡಿಗೆ, ಮೆಲ್ಲನೆ ಸೈಕಲ್, ಮನೆಗೆಲಸ ದುರಸ್ತಿಗೆ ಅಡ್ಡಿಯಾಗುವುದಿಲ್ಲ, ಬಿಗಿತವನ್ನು ತುಸು ಸಡಿಲಿಸುತ್ತವೆ.

ಕಾಫಿ ಬಣ್ಣದ ಮೂತ್ರ ಕುದುರೆಗಷ್ಟೇ ಮೀಸಲಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು ಮೊದಲ ದಿನವೇ ನೂರಾರು ಬೈಠಕ್ ಹೊಡೆಯುವ ಹುರುಪಿನಲ್ಲಿ, ಅದರಲ್ಲೂ ಇಲ್ಲಿಯ ಏಪ್ರಿಲ್ ಬಿಸಿಲಿನಲ್ಲಿ ನೀರು ಕುಡಿಯದೆ ಮಾಡಿದರೆ, ಮನುಷ್ಯನ ಸ್ನಾಯುವೂ ಒಡೆದು ಅದರ ಮಯೋಗ್ಲೋಬಿನ್ ರಕ್ತಕ್ಕೆ ಸುರಿದು ಮೂತ್ರಪಿಂಡ ಕೆಡಿಸಬಹುದು. ತೀವ್ರ ನೋವು, ಊತದ ಜೊತೆಗೆ ಮೂತ್ರ ಕಪ್ಪಾದರೆ ಮನೆಮದ್ದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಎಷ್ಟು ಬಿಡುವು? ಒಂದೇ ಸ್ನಾಯುಗುಂಪಿಗೆ ಗಟ್ಟಿ ಕೆಲಸ ಕೊಟ್ಟ ಮೇಲೆ ಸುಮಾರು 48 ಗಂಟೆ ಎನ್ನುವುದು ಒರಟು ಲೆಕ್ಕ. ಹೊಸಬರಿಗೆ, ವಯಸ್ಸಾದವರಿಗೆ ಇನ್ನೂ ಹೆಚ್ಚು. ಇವತ್ತು ಕಾಲು, ನಾಳೆ ತೋಳು ಎಂದು ಹಂಚಿಕೊಂಡು ದಿನವೂ ಜಿಮ್‌ಗೆ ಹೋಗುವವರ ಜಾಣ್ಮೆಗೆ ಇದರಲ್ಲಿ ಅವಕಾಶವಿದೆ, ಆದರೆ ನಿದ್ದೆ, ನರಮಂಡಲ, ಕೀಲುಗಳು ಹಂಚಿಕೆಗೆ ಸಿಗುವುದಿಲ್ಲ, ಅವು ಇಡೀ ಮೈಗೆ ಒಂದೇ. ಅದಕ್ಕೇ ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವು. ಶಕ್ತಿ ಕರಗುವ ಭಯ ಬೇಡ. ಪಳಗಿದ ಸ್ನಾಯು ಎರಡು ಮೂರು ವಾರ ಬಿಟ್ಟರೂ ತನ್ನ ಬಲವನ್ನು ಬಹುಪಾಲು ಉಳಿಸಿಕೊಳ್ಳುತ್ತದೆ. ಬಿಡುವಿನ ದಿನ ಊಟ ಕಡಿಮೆ ಮಾಡುವುದೂ ತಪ್ಪೇ, ಕಟ್ಟಡದ ಸಾಮಗ್ರಿ ಬೇಕಾಗುವುದು ಅಂದೇ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಅದರಲ್ಲಿ ಕೊರತೆಯಾಗುವ ಲೈಸಿನ್ ಅನ್ನು ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಮೊಸರು ತುಂಬಿಕೊಡುತ್ತವೆ. ಡಬ್ಬಿಯ ಪುಡಿಗೆ ದುಡ್ಡು ಸುರಿಯುವ ಮೊದಲು ರೊಟ್ಟಿಯ ಪಕ್ಕದ ಕಾಳಿನ ಪಲ್ಯವನ್ನು ಎರಡು ಪಾಲು ಮಾಡಿಕೊಳ್ಳಬಹುದು.

ಬಿಡುವನ್ನು ಅತಿ ಹೆಚ್ಚು ಅಲಕ್ಷಿಸುವವರು ಜಿಮ್ಮಿನವರಲ್ಲ, ನೇಮಕಾತಿಗೆ ಓಡುವ ಹುಡುಗರು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅರ್ಜಿ ಕರೆದ ಮೇಲೆ ಉಳಿಯುವುದು ಕೆಲವೇ ತಿಂಗಳು, ಹಾಗಾಗಿ ಡಾಂಬರು ರಸ್ತೆಯ ಮೇಲೆ ದಿನಾ ನಸುಕಿನಲ್ಲಿ ಓಟ. ಇಲ್ಲಿ ಸೋಲುವುದು ಸ್ನಾಯುವಲ್ಲ. ಸ್ನಾಯುರಜ್ಜುಗಳಲ್ಲಿ ಶ್ರಮದ ನಂತರದ ಮೊದಲ 24ರಿಂದ 36 ಗಂಟೆ ಕೊಲಾಜೆನ್ ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು. ಎಲುಬಿನ ಲೆಕ್ಕ ಇನ್ನೂ ನಿಧಾನ: ಬಳಲಿದ ಭಾಗವನ್ನು ಮೊದಲು ಕೆಲವು ಕೋಶಗಳು ವಾರಗಟ್ಟಲೆ ಕೊರೆದು ತೆಗೆಯುತ್ತವೆ, ಬೇರೆ ಕೋಶಗಳು ಆಮೇಲೆ ತಿಂಗಳುಗಟ್ಟಲೆ ತುಂಬುತ್ತವೆ. ತೆಗೆದದ್ದು ಮುಗಿದು ತುಂಬುವುದು ನಡೆಯುತ್ತಿರುವ ನಡುಗಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲ, ಹುಡುಗನ ಉಸಿರು ಮತ್ತು ಸ್ನಾಯು ಮಾತ್ರ ಆಗಲೇ ಪಳಗಿ ಇನ್ನಷ್ಟು ವೇಗಕ್ಕೆ ಹಟ ಹಿಡಿದಿರುತ್ತವೆ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಿ, ಕೂತಾಗಲೂ ಕಾಡತೊಡಗಿದರೆ ಅದು ಎಲುಬಿನ ಸೀಳಿನ ಲಕ್ಷಣ ಆಗಿರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಎಕ್ಸ್‌ರೇ ಸರಿಯಿದೆಯೆಂದು ಮರುದಿನವೇ ಓಟಕ್ಕಿಳಿದವನು ಮುಂದೆ ಆರೆಂಟು ವಾರ ಓಡಲಾರ, ಆ ವರ್ಷದ ದೈಹಿಕ ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ.