ಎರಡು ಕೂಟ, ಆರು ಜನ, ಜುಲೈ 1: ಜೂನಿಯರ್ ಸ್ಕೇಟಿಂಗ್ ಫೈನಲ್‌ನ ಲೆಕ್ಕ

ನಮ್ಮ ಪಿಯು ಕಾಲೇಜುಗಳ ಕ್ರೀಡಾಕೂಟದ ದಾರಿ ಎಲ್ಲರಿಗೂ ಗೊತ್ತು. ಮೊದಲು ತಾಲ್ಲೂಕು, ಆಮೇಲೆ ಜಿಲ್ಲೆ, ಆಮೇಲೆ ರಾಜ್ಯ. ಕೂಡ್ಲಿಗಿಯವರಿರಲಿ, ಕೊಟ್ಟೂರಿನವರಿರಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರಿರಲಿ, ತಾಲ್ಲೂಕು ಮಟ್ಟದ ದಿನ ಕಾಲು ಉಳುಕಿದರೆ ಆ ವರ್ಷದ ಓಟ ಅಲ್ಲಿಗೇ ಮುಗಿಯಿತು. ಎರಡನೇ ಅವಕಾಶ ಇಲ್ಲ. ವಯಸ್ಸು 19 ದಾಟಿದವರಿಗೆ ಮೊದಲೇ ಜಾಗವಿಲ್ಲ.

ನಮ್ಮದೇ ವಯಸ್ಸಿನವರಿಗಾಗಿ ನಡೆಯುವ ಇನ್ನೊಂದು ಸ್ಪರ್ಧೆ ಇದೆ. ಅದರ ಹೆಸರು ಜೂನಿಯರ್ ಗ್ರ್ಯಾನ್ ಪ್ರಿ. ಮಂಜುಗಡ್ಡೆಯ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರುತ್ತ, ಜಿಗಿಯುತ್ತ, ಗಿರಗಿರ ಸುತ್ತುವ ಫಿಗರ್ ಸ್ಕೇಟಿಂಗ್ ಆಟದ ಜೂನಿಯರ್ ಸರಣಿ ಇದು. ನಮ್ಮ ಕಡೆ ಐಸ್ ಅಂದರೆ ರಂಜಾನ್ ಸಂಜೆ ಶರಬತ್ತಿಗೆ ತರುವ ಗಡ್ಡೆ, ಇಲ್ಲವೇ ಐಸ್‌ಕ್ಯಾಂಡಿ. ಆದರೂ ಈ ಸರಣಿಯ ಫೈನಲ್ ಬಗ್ಗೆ ಬರೆಯಲು ಕಾರಣವಿದೆ. ಅಲ್ಲಿ ಯಾರು ಬರುತ್ತಾರೆ, ಯಾರು ಗೆಲ್ಲುತ್ತಾರೆ ಎಂಬುದೆಲ್ಲ ಒಂದು ಲೆಕ್ಕದ ಪುಸ್ತಕದಂತೆ ನಡೆಯುತ್ತದೆ. ಕಾಮರ್ಸ್ ಓದುವವರಿಗೆ ಅದು ಬೇಗ ಅರ್ಥವಾಗುತ್ತದೆ. ಆ ಲೆಕ್ಕದಲ್ಲಿ ಬರೆಯದೆ ಬಿಟ್ಟ ಒಂದು ಖರ್ಚೂ ಕಣ್ಣಿಗೆ ಬೀಳುತ್ತದೆ.

ಈ ಸರಣಿಯನ್ನು ನಡೆಸುವುದು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ. 1892ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಸಂಸ್ಥೆ ಅದು. ಜೂನಿಯರ್ ಸರಣಿ ಶುರುವಾದದ್ದು 1997ರಲ್ಲಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೇರೆ ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ ಏಳು ಕೂಟಗಳು ನಡೆಯುತ್ತವೆ. ಹುಡುಗರ ಸಿಂಗಲ್ಸ್, ಹುಡುಗಿಯರ ಸಿಂಗಲ್ಸ್, ಜೋಡಿ, ಐಸ್ ಡ್ಯಾನ್ಸ್ ಎಂದು ನಾಲ್ಕು ವಿಭಾಗ. ಸಿಂಗಲ್ಸ್‌ಗೆ ಬರುವವರಿಗೆ ಆ ವರ್ಷದ ಜುಲೈ 1ಕ್ಕೆ ಮೊದಲು 13 ತುಂಬಿರಬೇಕು, 19 ತುಂಬಿರಬಾರದು. ತಾವೇ ಹೆಸರು ಕೊಟ್ಟು ಹೋಗುವಂತಿಲ್ಲ, ದೇಶದ ಸಂಸ್ಥೆ ಕಳಿಸಬೇಕು. ಯಾವ ದೇಶಕ್ಕೆ ಎಷ್ಟು ಜಾಗ ಎಂಬುದು ಹಿಂದಿನ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನ ಸ್ಥಾನಗಳ ಮೇಲೆ ನಿಂತಿದೆ.

ಒಬ್ಬರು ಹೆಚ್ಚೆಂದರೆ ಎರಡು ಕೂಟಗಳಲ್ಲಿ ಆಡಬಹುದು. ಮೊದಲ ಸ್ಥಾನಕ್ಕೆ 15 ಪಾಯಿಂಟ್, ಎರಡನೆಯದಕ್ಕೆ 13, ಮೂರನೆಯದಕ್ಕೆ 11, ನಾಲ್ಕನೆಯದಕ್ಕೆ 9, ಹೀಗೆ ಇಳಿಯುತ್ತ ಹತ್ತನೆಯದಕ್ಕೆ 1. ಎರಡೂ ಕೂಟಗಳದ್ದನ್ನು ಕೂಡಿಸಿದಾಗ ಮೇಲಿರುವ ಆರು ಜನ ಡಿಸೆಂಬರ್‌ನ ಫೈನಲ್‌ಗೆ ಹೋಗುತ್ತಾರೆ. ಎರಡೂ ಗೆದ್ದರೆ 30, ಯಾರೂ ತಡೆಯಲಾರರು. ಎರಡರಲ್ಲೂ ಎರಡನೆಯವರಾದರೆ 26. ಒಂದು ಗೆದ್ದು ಇನ್ನೊಂದರಲ್ಲಿ ನಾಲ್ಕನೆಯವರಾದರೆ 24. ಪಾಯಿಂಟ್ ಸಮವಾದರೆ ಯಾರ ಒಂದು ಸ್ಥಾನ ಮೇಲಿದೆ ಎಂದು ನೋಡುತ್ತಾರೆ. ಅದೂ ಸಮವಾದರೆ ಎರಡೂ ಕೂಟಗಳಲ್ಲಿ ಗಳಿಸಿದ ಒಟ್ಟು ಅಂಕ ತೀರ್ಮಾನಿಸುತ್ತದೆ. ಒಂದು ದಿನ ಕೆಟ್ಟರೂ ಇನ್ನೊಂದು ದಿನ ಸರಿಮಾಡಿಕೊಳ್ಳುವ ಅವಕಾಶ ಇದರಲ್ಲಿದೆ. ನನಗೆ ಇದು ನಮ್ಮ ತಾಲ್ಲೂಕು ಮಟ್ಟದ ಪದ್ಧತಿಗಿಂತ ನ್ಯಾಯವಾಗಿ ಕಾಣುತ್ತದೆ.

ಫೈನಲ್‌ನಲ್ಲಿ ಹಳೆಯ ಪಾಯಿಂಟ್ ಯಾವುದೂ ಲೆಕ್ಕಕ್ಕಿಲ್ಲ, ಎಲ್ಲರೂ ಸೊನ್ನೆಯಿಂದ ಶುರು. ಸಿಂಗಲ್ಸ್‌ನವರು ಮೊದಲು ಸುಮಾರು ಎರಡು ನಿಮಿಷ 40 ಸೆಕೆಂಡಿನ ಶಾರ್ಟ್ ಪ್ರೋಗ್ರಾಂ ಆಡುತ್ತಾರೆ. ಆಮೇಲೆ ಬೇರೊಂದು ದಿನ ಸುಮಾರು ಮೂರೂವರೆ ನಿಮಿಷದ ಫ್ರೀ ಸ್ಕೇಟ್. ಎರಡರ ಅಂಕ ಕೂಡಿಸಿದರೆ ಫಲಿತಾಂಶ.

ಈಗ ಅಂಕದ ವಿಷಯ. ಹಿಂದೆ 6.0 ಎಂಬುದು ಪೂರ್ಣಾಂಕವಾಗಿತ್ತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ವಿಭಾಗದಲ್ಲಿ ತೀರ್ಪಿನ ಬಗ್ಗೆ ದೊಡ್ಡ ಗಲಾಟೆಯಾದ ಮೇಲೆ ಆ ಪದ್ಧತಿ ಹೋಯಿತು. ಈಗ ಪ್ರತಿ ಜಿಗಿತಕ್ಕೂ ಮೊದಲೇ ಬೆಲೆ ಬರೆದ ಪಟ್ಟಿ ಇದೆ, ಅಂಗಡಿಯ ದರಪಟ್ಟಿ ಇದ್ದ ಹಾಗೆ. ಗಾಳಿಯಲ್ಲಿ ಮೂರು ಸುತ್ತು ಸುತ್ತುವ ಟ್ರಿಪಲ್ ಟೋ ಲೂಪ್‌ಗೆ 4.2, ಟ್ರಿಪಲ್ ಲಟ್ಸ್‌ಗೆ 5.9. ಟ್ರಿಪಲ್ ಆಕ್ಸೆಲ್‌ಗೆ 8.0. ಆಕ್ಸೆಲ್ ಒಂದನ್ನು ಮಾತ್ರ ಮುಂದಕ್ಕೆ ಮುಖ ಮಾಡಿ ಜಿಗಿಯುತ್ತಾರೆ, ಇಳಿಯುವುದು ಹಿಮ್ಮುಖವಾಗಿ, ಆದ್ದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು. ನಾಲ್ಕು ಸುತ್ತಿನ ಕ್ವಾಡ್ ಟೋ ಲೂಪ್‌ಗೆ 9.5.

ಈ ಮೂಲ ಬೆಲೆಯ ಮೇಲೆ ತೀರ್ಪುಗಾರರು –5ರಿಂದ +5ರವರೆಗೆ ದರ್ಜೆ ಕೊಡುತ್ತಾರೆ. ಒಂದೊಂದು ಮೆಟ್ಟಿಲಿಗೆ ಮೂಲ ಬೆಲೆಯ ಶೇ 10. ತೀರ್ಪುಗಾರರು ಕೊಟ್ಟಿದ್ದರಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆಯದನ್ನು ತೆಗೆದು ಉಳಿದವುಗಳ ಸರಾಸರಿ ಹಿಡಿಯುತ್ತಾರೆ. ಬಿದ್ದರೆ ಒಟ್ಟು ಅಂಕದಲ್ಲಿ ಇನ್ನೊಂದು ಕಡಿತ. ಇದರ ಜೊತೆಗೆ ಪ್ರದರ್ಶನದ ರಚನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲಕ್ಕೆ ಪ್ರತ್ಯೇಕ ಅಂಕ ಇದೆ.

ಇಲ್ಲಿ ನೋಟ್‌ಬುಕ್ ತೆಗೆದುಕೊಂಡು ಒಂದು ಲೆಕ್ಕ ಮಾಡಿ ನೋಡಿ. ಒಬ್ಬ ಹುಡುಗಿ ಕ್ವಾಡ್ ಟೋ ಲೂಪ್ ಪ್ರಯತ್ನಿಸಿ, ನಾಲ್ಕು ಸುತ್ತು ಪೂರ್ತಿ ಸುತ್ತಿ, ಇಳಿಯುವಾಗ ಬಿದ್ದಳು ಅಂದುಕೊಳ್ಳಿ. ಮೂಲ ಬೆಲೆ 9.5. ದರ್ಜೆ –5 ಬಂದರೆ ಅರ್ಧ, ಅಂದರೆ 4.75 ಹೋಯಿತು. ಬಿದ್ದದ್ದಕ್ಕೆ 1 ಹೋಯಿತು. ಉಳಿದದ್ದು 3.75. ಅದೇ ಜಾಗದಲ್ಲಿ ಟ್ರಿಪಲ್ ಟೋ ಲೂಪ್ ಅನ್ನು ತಪ್ಪಿಲ್ಲದೆ ಮಾಡಿದ್ದರೆ 4.2. ವ್ಯತ್ಯಾಸ ಅರ್ಧ ಅಂಕವೂ ಇಲ್ಲ! ಬಿದ್ದರೆ ನಷ್ಟ 0.45, ನಿಂತರೆ ಲಾಭ 5.3. ಹತ್ತು ಸಲದಲ್ಲಿ ಒಂದೇ ಸಲ ನಿಂತರೂ ಸರಾಸರಿ 4.3ರ ಮೇಲೆ ಬರುತ್ತದೆ, ವ್ಯಾಪಾರ ಲಾಭದಲ್ಲೇ ಇದೆ. ಟ್ರಿಪಲ್ ಅನ್ನು ಬಹಳ ಚೆನ್ನಾಗಿ ಮಾಡಿ +2 ಪಡೆಯುವವಳಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆಗ ನಾಲ್ಕರಲ್ಲಿ ಒಂದು ಸಲವಾದರೂ ನಿಲ್ಲಬೇಕು. ಸುತ್ತು ಪೂರ್ತಿಯಾಗದಿದ್ದರೆ ಮೂಲ ಬೆಲೆಯೇ ಇಳಿಯುತ್ತದೆ. ಬಿದ್ದಾಗ ಪ್ರಸ್ತುತಿಯ ಅಂಕಕ್ಕೂ ಪೆಟ್ಟು ಬೀಳುತ್ತದೆ. ಇವೆಲ್ಲ ಸೇರಿಸಿದರೂ ದರಪಟ್ಟಿ ಕೋಚ್‌ಗಳಿಗೆ ಹೇಳುವುದು ಒಂದೇ ಮಾತು: ಜಿಗಿಸು.

ಯಾರನ್ನು ಜಿಗಿಸುವುದು ಸುಲಭ? ಸಣ್ಣ ಮೈಕಟ್ಟಿನವರನ್ನು. ದೇಹ ಕಿರಿದಾಗಿದ್ದಷ್ಟೂ ಗಾಳಿಯಲ್ಲಿ ವೇಗವಾಗಿ ಸುತ್ತುತ್ತದೆ. ಹದಿಮೂರು, ಹದಿನಾಲ್ಕರ ಹುಡುಗಿಗೆ ಸಿಕ್ಕುವ ಕ್ವಾಡ್, ಮೈ ಬೆಳೆದ ಮೇಲೆ ಹದಿನೇಳಕ್ಕೆ ಕೈತಪ್ಪಿ ಹೋಗಬಹುದು. ಪ್ರತಿ ಸಲ ಇಳಿಯುವಾಗಲೂ ಒಂದೇ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಸ್ಪರ್ಧೆಯಲ್ಲಿ ಒಂದು ಸಲ ನಾವು ನೋಡುವ ಜಿಗಿತವನ್ನು ಅಭ್ಯಾಸದಲ್ಲಿ ಎಷ್ಟು ಸಲ ಮಾಡಿರುತ್ತಾರೆ, ಎಷ್ಟು ಸಲ ಬಿದ್ದಿರುತ್ತಾರೆ? ಅದು ಯಾವ ಅಂಕಪಟ್ಟಿಯಲ್ಲೂ ಇರುವುದಿಲ್ಲ. ಅಕೌಂಟೆನ್ಸಿಯಲ್ಲಿ ಯಂತ್ರಕ್ಕೆ ಸವಕಳಿ ಹಾಕದೆ ಲಾಭ ತೋರಿಸಿದರೆ ಮಾರ್ಕ್ಸ್ ಕಟ್. ಇಲ್ಲಿ ಸವೆಯುವುದು ಮಕ್ಕಳ ಮೊಣಕಾಲು ಮತ್ತು ಬೆನ್ನು.

ರಷ್ಯಾದ ಕಮಿಲಾ ವಲಿಯೆವಾ 2019ರ ಡಿಸೆಂಬರ್‌ನಲ್ಲಿ ಇಟಲಿಯ ಟೂರಿನ್‌ನಲ್ಲಿ ಈ ಜೂನಿಯರ್ ಫೈನಲ್ ಗೆದ್ದಾಗ ಆಕೆಗೆ 13. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಬಂದಾಗ 15. ಅಲ್ಲಿ ಆಟದ ಮಧ್ಯೆಯೇ ಹೊರಬಿದ್ದ ಸುದ್ದಿ, ಡಿಸೆಂಬರ್‌ನಲ್ಲಿ ಕೊಟ್ಟಿದ್ದ ಮಾದರಿಯಲ್ಲಿ ನಿಷೇಧಿತ ಹೃದಯದ ಔಷಧಿ ಸಿಕ್ಕಿದೆ ಎಂಬುದು. ಫ್ರೀ ಸ್ಕೇಟ್‌ನಲ್ಲಿ ಆಕೆ ಮತ್ತೆ ಮತ್ತೆ ಬಿದ್ದದ್ದನ್ನು ಜಗತ್ತೆಲ್ಲ ನೋಡಿತು. 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ನಾಲ್ಕು ವರ್ಷದ ನಿಷೇಧ ಹಾಕಿತು. ಅಷ್ಟರೊಳಗೆ, 2022ರ ಜೂನ್‌ನಲ್ಲಿ, ಥಾಯ್ಲೆಂಡ್‌ನ ಫುಕೆಟ್‌ನಲ್ಲಿ ಸೇರಿದ ಒಕ್ಕೂಟ 100–16 ಮತಗಳಿಂದ ಒಂದು ತೀರ್ಮಾನ ಮಾಡಿತ್ತು. ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸು 15ರಿಂದ 17ಕ್ಕೆ ಏರಬೇಕು, ಹಂತ ಹಂತವಾಗಿ: 2023–24ಕ್ಕೆ 16, 2024–25ರಿಂದ 17. ಈ ವಯಸ್ಸೂ ಜುಲೈ 1ಕ್ಕೆ ಮೊದಲೇ ತುಂಬಿರಬೇಕು.

ಈ ಗೆರೆಯಿಂದ ಹೊರಗುಳಿದವಳು ಜಪಾನಿನ ಮಾವೊ ಶಿಮಾಡಾ. ನಮ್ಮದೇ ವಯಸ್ಸಿನವಳು, ಹುಟ್ಟಿದ್ದು 2008ರ ಅಕ್ಟೋಬರ್ 30. 2022, 2023, 2024, ಸತತ ಮೂರು ವರ್ಷ ಜೂನಿಯರ್ ಫೈನಲ್ ಗೆದ್ದಿದ್ದಾಳೆ: ಟೂರಿನ್, ಬೀಜಿಂಗ್, ಫ್ರಾನ್ಸಿನ ಗ್ರೆನೋಬಲ್. ಟ್ರಿಪಲ್ ಆಕ್ಸೆಲ್, ಕ್ವಾಡ್ ಟೋ ಲೂಪ್ ಎರಡೂ ಅವಳಿಗೆ ಬರುತ್ತವೆ. ಆದರೆ 2026ರ ಫೆಬ್ರುವರಿಯ ಮಿಲಾನ್ ಒಲಿಂಪಿಕ್ಸ್‌ಗೆ ಹೋಗುವಂತಿರಲಿಲ್ಲ. 2025ರ ಜುಲೈ 1ಕ್ಕೆ ಮೊದಲು 17 ತುಂಬಬೇಕಿತ್ತು, ನಾಲ್ಕು ತಿಂಗಳು ತಡ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಅವಳಿಗೆ ಆ ಹೆಸರು ಇಟ್ಟದ್ದು ಮಾವೊ ಅಸಾಡಾ ಎಂಬ ಹಿರಿಯ ಆಟಗಾರ್ತಿಯ ನೆನಪಿಗೆ. ಅಸಾಡಾ 2004ರಲ್ಲಿ ಜೂನಿಯರ್ ಫೈನಲ್ ಗೆದ್ದರು. ಮರುವರ್ಷ ಟೋಕಿಯೊದಲ್ಲಿ ಸೀನಿಯರ್ ಫೈನಲ್ಲನ್ನೇ ಗೆದ್ದರು. ಎರಡು ತಿಂಗಳಲ್ಲಿ ಟೂರಿನ್ ಒಲಿಂಪಿಕ್ಸ್ ಇತ್ತು, ಅದಕ್ಕೆ ಅವರೂ ಹೋಗಲಾಗಲಿಲ್ಲ. ಆಗಿನ ನಿಯಮದ ಪ್ರಕಾರ 15 ತುಂಬಲು ಮೂರು ತಿಂಗಳಿಗೂ ಕಡಿಮೆ ಕೊರತೆ. ಅವರು 2010ರವರೆಗೆ ಕಾದರು, ವ್ಯಾಂಕೂವರ್‌ನಲ್ಲಿ ಬೆಳ್ಳಿ ಸಿಕ್ಕಿತು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾದ ಕಿಮ್ ಯುನಾ. 2004ರ ಜೂನಿಯರ್ ಫೈನಲ್‌ನಲ್ಲಿ ಅಸಾಡಾ ನಂತರ ಎರಡನೆಯವರಾಗಿ, 2005ರಲ್ಲಿ ಅದೇ ಫೈನಲ್ ಗೆದ್ದವರು ಅವರು.

ಒಂದೇ ಹೆಸರಿನ ಇಬ್ಬರು, ಒಂದೇ ತಾರೀಖು. ಅನ್ಯಾಯ ಅನ್ನಿಸುವುದು ಸಹಜ. ಒಂದನೇ ತರಗತಿಗೆ ಜೂನ್ 1ಕ್ಕೆ ವಯಸ್ಸು ಕಡಿಮೆ ಬಿದ್ದು ಒಂದು ವರ್ಷ ಮನೆಯಲ್ಲಿ ಕೂತ ಮಕ್ಕಳು ನಮ್ಮ ಓಣಿಯಲ್ಲೂ ಇದ್ದಾರೆ. ಆದರೂ ನನ್ನ ಮತ 100ರ ಕಡೆಗೇ. ಆ ಕ್ವಾಡ್‌ನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ದರಪಟ್ಟಿ ಹಾಗೇ ಇರುವವರೆಗೆ ದೊಡ್ಡವರು ಚಿಕ್ಕವರನ್ನು ಜಿಗಿಸುತ್ತಲೇ ಇರುತ್ತಾರೆ, ತಡೆಯಲು ತಾರೀಖು ಒಂದೇ ಇರುವುದು. ಶಿಮಾಡಾ ಇನ್ನೂ ಗೆಲ್ಲುತ್ತಿದ್ದಾಳೆ, 2030ಕ್ಕೆ ಅವಳಿಗೆ 21. ಹದಿನೈದಕ್ಕೆ ಒಲಿಂಪಿಕ್ಸ್ ಮುಗಿಸಿದವರಲ್ಲಿ ಎಷ್ಟು ಜನ ಇಪ್ಪತ್ತೊಂದಕ್ಕೂ ಐಸ್ ಮೇಲಿದ್ದಾರೆ ಎಂದು ಹುಡುಕಿದರೆ ಹೆಚ್ಚು ಹೆಸರು ಸಿಗುವುದಿಲ್ಲ. ಹಾಗೆ ನೋಡಿದರೆ ನಿಯಮದ ಒಂದು ಅರ್ಧ ಇನ್ನೂ ಬಾಕಿ ಇದೆ. ಹದಿಮೂರರ ಮಕ್ಕಳು ಜೂನಿಯರ್‌ನಲ್ಲಿ ಅದೇ ಕ್ವಾಡ್ ಜಿಗಿಯುತ್ತಿದ್ದಾರಲ್ಲ, ಅಲ್ಲಿ ದರಪಟ್ಟಿ ಬದಲಾಗಬೇಕು.

ಇದೆಲ್ಲ ತಂಪು ದೇಶದವರ ಆಟ ಎನ್ನುವವರಿಗೆ ಒಂದು ಮಾತು. ಈ ಸರಣಿಯ ಕೂಟಗಳು ಬ್ಯಾಂಕಾಕ್‌ನಲ್ಲೂ ಅಂಕಾರಾದಲ್ಲೂ ನಡೆದಿವೆ, 2025ರಲ್ಲಿ ಅಬುಧಾಬಿಯಲ್ಲೂ ಒಂದು ನಡೆಯಿತು. ಅಬುಧಾಬಿಯ ಝಹ್ರಾ ಲಾರಿ 2012ರಲ್ಲಿ ಇಟಲಿಯ ಕನಜೇಯಿಯಲ್ಲಿ ಹಿಜಾಬ್ ಧರಿಸಿ ಆಡಿದರು. ಅಂತರರಾಷ್ಟ್ರೀಯ ಫಿಗರ್ ಸ್ಕೇಟಿಂಗ್‌ನಲ್ಲಿ ಹಾಗೆ ಆಡಿದವರಲ್ಲಿ ಅವರೇ ಮೊದಲಿಗರು. ತಲೆಯ ಬಟ್ಟೆಗಾಗಿ ಅವರ ಅಂಕ ಕಡಿತವಾಯಿತು. ಅವರು ಒಕ್ಕೂಟದವರನ್ನು ಒಪ್ಪಿಸಿದರು, ಆಮೇಲೆ ಆ ಕಡಿತ ನಿಂತಿತು. ನಮ್ಮ ಅಮ್ಮಿ ಈ ಕಥೆ ಕೇಳಿ, ಒಂದು ಅಂಕಕ್ಕೆ ಇಷ್ಟು ಓಡಾಟವಾ ಅಂದರು. ಒಂದು ಅಂಕ ಏನು ಮಾಡುತ್ತದೆ ಎಂದು ಪಿಯು ಓದುವವರಿಗೆ ಹೇಳಬೇಕಿಲ್ಲ.

ಭಾರತದವರು ಯಾರೂ ಈ ಫೈನಲ್‌ವರೆಗೆ ತಲುಪಿಲ್ಲ. ಶಿಮ್ಲಾದಲ್ಲಿ ಚಳಿಗಾಲದಲ್ಲಿ ತಾನಾಗಿ ಹೆಪ್ಪುಗಟ್ಟುವ ಹಳೆಯ ರಿಂಕ್ ಇದೆ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ಒಳಾಂಗಣ ರಿಂಕ್ ವರ್ಷಗಟ್ಟಲೆ ಬಾಗಿಲು ಹಾಕಿತ್ತು, 2025ರಲ್ಲಿ ಮತ್ತೆ ತೆರೆದಿದೆ. ಸೀನಿಯರ್ ಮಟ್ಟದಲ್ಲಿ ಭಾರತದ ಪರ ಆಡುವ ತಾರಾ ಪ್ರಸಾದ್ ಹುಟ್ಟಿ ಕಲಿತದ್ದು ಅಮೆರಿಕದಲ್ಲಿ. ಬೆಂಗಳೂರು, ಬೆಳಗಾವಿಯ ಮಕ್ಕಳು ಗಾಲಿಯ ಸ್ಕೇಟ್ ಕಟ್ಟಿಕೊಳ್ಳುತ್ತಾರೆ. ಗಾಲಿಯ ಮೇಲಿನ ಆರ್ಟಿಸ್ಟಿಕ್ ಸ್ಕೇಟಿಂಗ್‌ನಲ್ಲೂ ಜಿಗಿತಗಳ ಹೆಸರು ಇವೇ, ಆಕ್ಸೆಲ್, ಲಟ್ಸ್.

2025ರ ಫೈನಲ್ ಡಿಸೆಂಬರ್ ಮೊದಲ ವಾರ ಜಪಾನಿನ ನಗೋಯಾದಲ್ಲಿ ನಡೆಯಿತು, ಶಿಮಾಡಾ ಆ ಸಲವೂ ಆರರಲ್ಲಿ ಒಬ್ಬಳಾಗಿದ್ದಳು. ವಿಡಿಯೊ ನೋಡುವವರು ಪರದೆಯ ಮೂಲೆಯ ಪುಟ್ಟ ಪೆಟ್ಟಿಗೆಯ ಮೇಲೆ ಕಣ್ಣಿಡಿ. ಒಂದೊಂದು ಜಿಗಿತ ಮುಗಿದಂತೆ ಅಲ್ಲಿ ಅಂಕ ಏರುತ್ತದೆ. ಹಸಿರು ಬಂದರೆ ಚೆನ್ನಾಗಿ ಆಯಿತು, ಕೆಂಪು ಬಂದರೆ ಕಡಿತ, ಹಳದಿ ಬಂದರೆ ಮತ್ತೆ ಪರಿಶೀಲಿಸುತ್ತಾರೆ. ನಗೋಯಾದಲ್ಲಿ ಸಂಜೆ 6 ಆದಾಗ ನಮಗೆ ಮಧ್ಯಾಹ್ನ 2.30. ಅದು ಅಕೌಂಟೆನ್ಸಿ ಪೀರಿಯಡ್, ಹಾಗಾಗಿ ನಾನಂತೂ ರಾತ್ರಿಯೇ ನೋಡುವುದು.